ಉಯಿಲು ಬರೆದಿಟ್ಟರೆ ಸಾಕೇ?



ನಿಮ್ಮ ಅಕ್ಷರ ದುಂಡಗಿದೆ ಎಂದು ಮನೆಯಲ್ಲಿ ಹೆಸರಾಗಿದ್ದರೆ, ಒಂದಲ್ಲ ಒಂದು ದಿನ ತಾತನೋ ಅಜ್ಜಿಯೋ ನಿಮ್ಮನ್ನು ಕರೆದು, 'ಬಾ ಮಗ, ಒಂದು ಪತ್ರ ಬರೆದುಕೊಡು' ಎಂದು ಪಕ್ಕದಲ್ಲಿ ಕೂರಿಸಿಕೊಳ್ಳಬಹುದು. ಮನೆ ಯಾರಿಗೆ, ತೋಟ ಯಾರಿಗೆ, ಓಲೆ ಯಾರಿಗೆ ಎಂದು ಅವರು ಹೇಳುತ್ತಾ ಹೋಗುತ್ತಾರೆ, ನೀವು ಬರೆಯುತ್ತಾ ಹೋಗುತ್ತೀರಿ. ಕೊನೆಯಲ್ಲಿ ಅವರದೊಂದು ರುಜು, ಎದುರು ಮನೆಯವರದೊಂದು ರುಜು. ಆ ಹಾಳೆ ಟ್ರಂಕಿನಲ್ಲಿ ಸೀರೆಯ ಮಡಿಕೆಯ ಒಳಗೆ ಸೇರುತ್ತದೆ. ಹತ್ತು ವರ್ಷ ಕಳೆದ ಮೇಲೆ ಅದೇ ಹಾಳೆಯನ್ನು ನ್ಯಾಯಾಲಯದಲ್ಲಿ ನ್ಯಾಯಾಧೀಶರು ಓದುವಂತಾದರೆ ಏನಾಗುತ್ತದೆ? ಈ ಲೇಖನದಲ್ಲಿ ನೋಡಬೇಕಾದದ್ದು ಅದನ್ನೇ.

ಉಯಿಲು, ಮರಣಶಾಸನ, ವಿಲ್ ಇವೆಲ್ಲ ಒಂದೇ. ಇಂಗ್ಲಿಷಿನ 'ವಿಲ್' ನಮ್ಮ ಬಾಯಲ್ಲಿ ಉರುಳಿ ಉಯಿಲು ಆಯಿತು. ತನ್ನ ಕಾಲಾನಂತರ ತನ್ನ ಆಸ್ತಿ ಯಾರಿಗೆ ಸೇರಬೇಕು ಎಂಬುದನ್ನು ಬರೆದಿಡುವ ಪತ್ರ ಅದು. ಇದಕ್ಕೆ ಸಂಬಂಧಿಸಿದ ಮುಖ್ಯ ಕಾನೂನು 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮ. ಹದಿನೆಂಟು ತುಂಬಿದ, ಸ್ವಸ್ಥ ಮನಸ್ಸಿನ ಯಾರು ಬೇಕಾದರೂ ಉಯಿಲು ಬರೆಯಬಹುದು. ಅಂದರೆ ಪದವಿ ತರಗತಿಯಲ್ಲಿರುವ ನೀವೂ ಬರೆಯಬಹುದು.

ವಕೀಲರೇ ಬರೆಯಬೇಕು ಎಂದು ಕಾನೂನು ಎಲ್ಲಿಯೂ ಹೇಳಿಲ್ಲ, ಇದನ್ನು ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ಕನ್ನಡದಲ್ಲಿ ಬರೆದರೂ ಸರಿ, ಉರ್ದುವಿನಲ್ಲಿ ಬರೆದರೂ ಸರಿ. ನೋಂದಣಿ ಕೂಡ ಕಡ್ಡಾಯವಲ್ಲ. 1908ರ ನೋಂದಣಿ ಅಧಿನಿಯಮ ಉಯಿಲಿನ ನೋಂದಣಿಯನ್ನು ಬರೆದವರ ಇಷ್ಟಕ್ಕೆ ಬಿಟ್ಟಿದೆ. ಇಷ್ಟು ಸುಲಭವಾದ ದಸ್ತಾವೇಜು ಇನ್ನೊಂದಿಲ್ಲ, ಇಷ್ಟು ಸುಲಭವಾಗಿ ಕೆಡುವ ದಸ್ತಾವೇಜೂ ಇನ್ನೊಂದಿಲ್ಲ. ಕ್ರಯಪತ್ರದಲ್ಲಿ ತಪ್ಪಾದರೆ ಮಾರಿದವರನ್ನು ಕರೆದು ತಿದ್ದುಪಡಿ ಪತ್ರ ಬರೆಸಬಹುದು. ಉಯಿಲು ಜಾರಿಗೆ ಬರುವ ದಿನ ಅದನ್ನು ಬರೆದವರೇ ಇರುವುದಿಲ್ಲ. 'ನಾನು ಹೇಳಿದ್ದು ಹಾಗಲ್ಲ, ಹೀಗೆ' ಎಂದು ಹೇಳಬಲ್ಲ ಒಬ್ಬರೇ ಒಬ್ಬರು ಆಗ ಇರುವುದಿಲ್ಲ.

ಒಂದು ಕಲ್ಪಿತ ಸಂಸಾರವನ್ನು ತೆಗೆದುಕೊಳ್ಳೋಣ. ತುಮಕೂರಿನ ಶಿರಾ ಗೇಟ್ ಕಡೆ ಒಂದು ಮನೆ. ಊರಿಂದ ಶಿರಾ ರಸ್ತೆ ಹಿಡಿಯುವ ಈ ಭಾಗದಲ್ಲಿ ಅಂಥ ಮನೆಗಳು ಅನೇಕ: ಪಟ್ಟಣದಲ್ಲೊಂದು ಮನೆ, ಶಿರಾ ತಾಲ್ಲೂಕಿನಲ್ಲಿ ಎರಡು ಎಕರೆ ಖುಷ್ಕಿ ಹೊಲ, ಗುಬ್ಬಿ ಕಡೆ ಹಿರಿಯರ ಕಾಲದ ತೆಂಗಿನ ತೋಟ. ಒಂದು ಕಾಲಕ್ಕೆ ಆ ಹೊಲ ಯಾರಿಗೆ ಹೋದರೂ ಯಾರೂ ಕೇಳುತ್ತಿರಲಿಲ್ಲ. ಹೆದ್ದಾರಿ ಅಗಲವಾಗಿ, ವಸಂತನರಸಾಪುರದಲ್ಲಿ ಕೈಗಾರಿಕಾ ಪ್ರದೇಶ ಬಂದ ಮೇಲೆ ಗುಂಟೆ ಗುಂಟೆಗೂ ಬೆಲೆ ಬಂದಿದೆ. ಈ ಮನೆಯ ತಾತನಿಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಅಜ್ಜಿ ಇದ್ದಾರೆ. ತಾತ ಮೊಮ್ಮಗನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿಸಿ ಹೀಗೆ ಬರೆಸುತ್ತಾರೆ:

'ನನ್ನ ತೋಟ ದೊಡ್ಡವನಿಗೆ. ಮನೆ ಚಿಕ್ಕವನಿಗೆ. ಮಗಳಿಗೆ ಮದುವೆಯಲ್ಲಿ ಕೊಟ್ಟಿದ್ದೇನೆ. ಹೊಲ ನಮ್ಮ ಮನೆಯವರು ಅನುಭವಿಸಿಕೊಂಡು ಹೋಗುವುದು, ಆಮೇಲೆ ಮಕ್ಕಳಿಗೆ. ಅವರನ್ನು ಎಲ್ಲರೂ ಚೆನ್ನಾಗಿ ನೋಡಿಕೊಳ್ಳಿ.'

ಮಾತು ಎಷ್ಟು ಸಹಜವಾಗಿದೆ ನೋಡಿ. ಇದರಲ್ಲಿ ದುರುದ್ದೇಶ ಎಳ್ಳಷ್ಟೂ ಇಲ್ಲ. ಈಗ ಇದನ್ನು ಕಾನೂನಿನ ಕನ್ನಡಕದಿಂದ ಓದೋಣ.

ಓದುವುದನ್ನು ಕೆಳಗಿನಿಂದ, ಅಂದರೆ ರುಜುವಿನಿಂದ ಆರಂಭಿಸಬೇಕು. ಅಧಿನಿಯಮದ 63ನೇ ಕಲಮು ಹೇಳುವುದಿಷ್ಟು: ಬರೆದವರು ರುಜು ಅಥವಾ ಹೆಬ್ಬೆಟ್ಟಿನ ಗುರುತು ಹಾಕಬೇಕು. ಕಡಿಮೆಯೆಂದರೆ ಇಬ್ಬರು ಸಾಕ್ಷಿಗಳು ಅದನ್ನು ದೃಢೀಕರಿಸಬೇಕು. ಆ ಇಬ್ಬರೂ ರುಜು ಹಾಕುವುದನ್ನು ಕಣ್ಣಾರೆ ನೋಡಿರಬೇಕು, ಇಲ್ಲವೇ 'ಇದು ನನ್ನದೇ ರುಜು' ಎಂದು ಅವರ ಬಾಯಿಂದಲೇ ಕೇಳಿರಬೇಕು. ಅಷ್ಟೇ ಅಲ್ಲ, ಸಾಕ್ಷಿಗಳು ತಮ್ಮ ರುಜುವನ್ನು ಬರೆದವರ ಎದುರಿನಲ್ಲೇ ಹಾಕಬೇಕು. ಇಬ್ಬರು ಸಾಕ್ಷಿಗಳೂ ಏಕಕಾಲಕ್ಕೆ ಅಲ್ಲಿರಬೇಕೆಂದೇನೂ ಇಲ್ಲ, ಆದರೆ ಪ್ರತಿಯೊಬ್ಬರೂ ತಾತನ ಎದುರಿಗೇ ಬರೆಯಬೇಕು.

ನಮ್ಮ ತಾತನ ಹಾಳೆಯಲ್ಲಿ ಎದುರು ಮನೆಯವರು ಅಲ್ಲೇ ಕೂತು ರುಜು ಹಾಕಿದರು. ಎರಡನೆಯವರು ಊರಲ್ಲಿರಲಿಲ್ಲ. ಮೊಮ್ಮಗ ಮಾರನೆಯ ದಿನ ಹಾಳೆಯನ್ನು ಅವರ ಅಂಗಡಿಗೆ ಒಯ್ದ, ಅವರು ಗಿರಾಕಿಗಳ ನಡುವೆ ಗೀಚಿ ಕೊಟ್ಟರು. ಅಲ್ಲಿಗೆ ಆ ಉಯಿಲು ಮುಗಿಯಿತು. ಒಳಗೆ ಬರೆದದ್ದು ಎಷ್ಟೇ ನ್ಯಾಯವಾಗಿರಲಿ, ದೃಢೀಕರಣ ಸರಿಯಿಲ್ಲದ ಪತ್ರ ಕಾನೂನಿನ ಕಣ್ಣಿಗೆ ಉಯಿಲೇ ಅಲ್ಲ. ನೋಟರಿಯ ಮೊಹರು ಒತ್ತಿಸಿದರೂ ಅದು ಇಬ್ಬರು ಸಾಕ್ಷಿಗಳ ಜಾಗ ತುಂಬುವುದಿಲ್ಲ. ಈಚೆಗೆ ಕೆಲವರು ಮೊಬೈಲಿನಲ್ಲಿ ವಿಡಿಯೋ ಮಾಡಿಡುತ್ತಾರೆ. ಪೂರಕ ಪುರಾವೆಯಾಗಿ ಅದು ಉಪಯೋಗಕ್ಕೆ ಬರಬಹುದು, ರುಜುವಿಗೆ ಬದಲಿಯಾಗದು. ಉಯಿಲು ಬಿದ್ದುಹೋದರೆ ತಾತನ ಸ್ವಯಾರ್ಜಿತ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ ಅಜ್ಜಿ, ಇಬ್ಬರು ಗಂಡುಮಕ್ಕಳು ಮತ್ತು ಮಗಳಿಗೆ ಸಮನಾಗಿ ನಾಲ್ಕು ಭಾಗವಾಗುತ್ತದೆ. ತಾತನ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು. ಅದೇನೂ ಅನ್ಯಾಯದ ಹಂಚಿಕೆಯಲ್ಲ, ಆದರೆ ತಾತ ಬಯಸಿದ್ದು ಅದಲ್ಲ.

ಸಾಕ್ಷಿ ಯಾರಾಗಬೇಕು? ಆಸ್ತಿ ಪಡೆಯುವವರು ಸಾಕ್ಷಿಯಾಗಬಾರದು. ಕ್ರೈಸ್ತರಿಗೆ, ಪಾರ್ಸಿಗಳಿಗೆ ಅನ್ವಯಿಸುವ ಕಲಮಿನಂತೆ ಸಾಕ್ಷಿಗೆ ಅಥವಾ ಸಾಕ್ಷಿಯ ಗಂಡ ಇಲ್ಲವೇ ಹೆಂಡತಿಗೆ ಬಿಟ್ಟ ಆಸ್ತಿ ಅವರಿಗೆ ದಕ್ಕುವುದೇ ಇಲ್ಲ. ಹಿಂದೂಗಳಿಗೆ ಈ ಕಲಮು ಅನ್ವಯಿಸದು, ಆದರೂ ಅಂಥ ರುಜು ಅನುಮಾನಕ್ಕೆ ಎಡೆ ಮಾಡುತ್ತದೆ. ನಮ್ಮ ಕಡೆ ಸಾಕ್ಷಿಗೆಂದು ಹಿರಿಯರನ್ನು, ತಾತನ ವಾರಿಗೆಯವರನ್ನೇ ಕರೆಯುವುದು ರೂಢಿ. ಗೌರವದ ದೃಷ್ಟಿಯಿಂದ ಸರಿ, ಲೆಕ್ಕದ ದೃಷ್ಟಿಯಿಂದ ತಪ್ಪು. ಏಕೆಂದರೆ ಉಯಿಲು ವಿವಾದಕ್ಕೆ ಬಂದಾಗ ಸಾಕ್ಷಿಗಳಲ್ಲಿ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು ಹೇಳಿಕೆ ಕೊಡಬೇಕು. ಹಿಂದೆ 1872ರ ಸಾಕ್ಷ್ಯ ಅಧಿನಿಯಮದ 68ನೇ ಕಲಮಿನಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 67ನೇ ಕಲಮಿನಲ್ಲಿ ಮುಂದುವರಿದಿದೆ. ನೋಂದಣಿಯಾದ ಉಯಿಲಿಗೂ ಇದರಿಂದ ವಿನಾಯಿತಿ ಇಲ್ಲ. ಇಬ್ಬರು ಸಾಕ್ಷಿಗಳೂ ತೀರಿಕೊಂಡಿದ್ದರೆ ಕೈಬರಹ, ರುಜುಗಳನ್ನು ಬೇರೆಯವರಿಂದ ಗುರುತಿಸಿ ಸಾಬೀತು ಮಾಡುವ ದಾರಿ ಇದೆ. ಅದು ಉದ್ದದ ದಾರಿ.

ಇನ್ನು ಬರೆದುಕೊಡುವ ನಿಮ್ಮ ವಿಷಯ. ಹಳೆಯ ಪತ್ರಗಳ ಕೊನೆಯಲ್ಲಿ 'ಬಿಕ್ಕಲಂ' ಎಂದು ಬರೆದವರ ಹೆಸರು ಇರುವುದನ್ನು ನೀವು ನೋಡಿರಬಹುದು. ಆ ಜಾಗದಲ್ಲಿ ನಿಮ್ಮ ಹೆಸರು ಬಂದು, ಉಯಿಲಿನಿಂದ ನಿಮ್ಮ ತಂದೆಗೇ ಹೆಚ್ಚಿನ ಪಾಲು ಸಿಕ್ಕರೆ, ಚಿಕ್ಕಪ್ಪ ಏನೆಂದುಕೊಳ್ಳುತ್ತಾರೆ? 'ಅಪ್ಪ ಹೇಳಿದ್ದನ್ನು ಬರೆದನೋ, ಅಣ್ಣ ಹೇಳಿದ್ದನ್ನು ಬರೆದನೋ' ಎಂದು ಕೇಳುವ ಹಕ್ಕು ಅವರಿಗಿದೆ. ಈ ಪ್ರಶ್ನೆಗೆ ಇಡೀ ದೇಶಕ್ಕೆ ಉತ್ತರ ಕೊಟ್ಟ ಮೊಕದ್ದಮೆ ನಮ್ಮ ಹಳೆಯ ಮೈಸೂರು ರಾಜ್ಯದ್ದೇ ಎಂಬುದು ನಿಮಗೆ ತಿಳಿದಿರಲಿ. ಕಾನೂನು ಓದುವ ವಿದ್ಯಾರ್ಥಿಗಳಿಗೆ ಅದು 'ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ' ಎಂದು ಪರಿಚಿತ. 1945ರಲ್ಲಿ ಒಬ್ಬ ಮಹಿಳೆ ಬರೆಸಿದ್ದೆನ್ನಲಾದ ಉಯಿಲು ಅದು. ಅದನ್ನು ನ್ಯಾಯಾಲಯದ ಮುಂದಿಟ್ಟವರೇ ಅದರ ತಯಾರಿಯಲ್ಲಿ ಮುಂದಾಗಿ ನಿಂತಿದ್ದರು, ಅದರ ಲಾಭ ಅವರ ಮಕ್ಕಳಿಗೆ ಸೇರುವಂತಿತ್ತು. ಕೆಳಗಿನ ನ್ಯಾಯಾಲಯ ಉಯಿಲನ್ನು ಒಪ್ಪಿತು, ಮೈಸೂರು ಹೈಕೋರ್ಟ್ ಒಪ್ಪಲಿಲ್ಲ. 1958ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ಮಾತನ್ನೇ ಎತ್ತಿಹಿಡಿಯಿತು. ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬರೆದ ಆ ತೀರ್ಪಿನ ಸಾರ ಇಷ್ಟು: ರುಜು ನಿಜವೆಂದು ತೋರಿಸಿದರೆ ಸಾಲದು. ಉಯಿಲಿನ ಸುತ್ತ ಅನುಮಾನಾಸ್ಪದ ಸಂಗತಿಗಳಿದ್ದರೆ, ಅವನ್ನು ನಿವಾರಿಸಿ ನ್ಯಾಯಾಲಯದ ಆತ್ಮಸಾಕ್ಷಿಗೆ ಸಮಾಧಾನವಾಗುವಂತೆ ತೋರಿಸುವ ಹೊಣೆ ಉಯಿಲನ್ನು ಮುಂದಿಡುವವರದು. ಆ ತೀರ್ಪನ್ನು ಇಂದಿಗೂ ನ್ಯಾಯಾಲಯಗಳು ಉಲ್ಲೇಖಿಸುತ್ತವೆ.

ನಡುಗುವ ರುಜು, ಕಾಯಿಲೆಯ ಮನುಷ್ಯ, ಒಬ್ಬ ಮಗನನ್ನು ಕಾರಣ ಹೇಳದೆ ಪೂರ್ತಿ ಬಿಟ್ಟಿರುವುದು, ಲಾಭ ಪಡೆಯುವವರೇ ಓಡಾಡಿ ಬರೆಸಿರುವುದು. ಅನುಮಾನ ಎಂದರೆ ಇಂಥವು. ತಾತ ತಾವೇ ಸ್ವಂತ ಕೈಯಿಂದ ಬರೆದಿದ್ದರೆ ಅದಕ್ಕೆ ಸ್ವಲ್ಪ ಹೆಚ್ಚಿನ ಬಲ ಬರುತ್ತದೆ, ಆದರೆ ಸಾಕ್ಷಿಗಳು ಆಗಲೂ ಬೇಕೇ ಬೇಕು. ಆದ್ದರಿಂದ ತಾತ ಕರೆದಾಗ, 'ನಾನು ಬರೆಯುವುದು ಬೇಡ ತಾತ, ಬೇರೆಯವರಿಂದ ಬರೆಸೋಣ' ಎಂದು ನೀವು ಹೇಳಿದರೆ ಅದು ಅವಿಧೇಯತೆ ಅಲ್ಲ.

ಈಗ ಹಾಳೆಯ ಮೇಲ್ಭಾಗಕ್ಕೆ ಬರೋಣ. 'ನನ್ನ ತೋಟ' ಎಂದಿದ್ದಾರೆ. ತೋಟ ನಿಜವಾಗಿ ಅವರದೇ? ತನ್ನದಲ್ಲದ್ದನ್ನು ಯಾರೂ ಉಯಿಲಿನಿಂದ ಕೊಡಲಾರರು. ತೋಟ ಪಿತ್ರಾರ್ಜಿತ ಒಟ್ಟುಕುಟುಂಬದ್ದಾಗಿದ್ದರೆ ತಾತ ತಮ್ಮ ಪಾಲಿನ ಮಟ್ಟಿಗೆ ಮಾತ್ರ ಬರೆಯಬಹುದು. ಮಕ್ಕಳ ಪಾಲು ಹುಟ್ಟಿನಿಂದಲೇ ಅವರದು. ಇಲ್ಲಿ 'ಮಕ್ಕಳು' ಎಂದರೆ ಮಗಳೂ ಸೇರಿ. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕಿಂತ ಸ್ವಲ್ಪ ಮುಂದಿತ್ತು: 1994ರ ಜುಲೈ 30ರಿಂದ ಜಾರಿಗೆ ಬಂದ ನಮ್ಮ ರಾಜ್ಯದ ತಿದ್ದುಪಡಿ, ಆ ವೇಳೆಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಮದುವೆಯ ಭೇದವನ್ನೂ ತೆಗೆದುಹಾಕಿತು. 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸ್ಪಷ್ಟಪಡಿಸಿತು. 'ಮಗಳಿಗೆ ಮದುವೆಯಲ್ಲಿ ಕೊಟ್ಟಿದ್ದೇನೆ' ಎಂಬ ಒಂದು ವಾಕ್ಯದಿಂದ ಆ ಹಕ್ಕು ಅಳಿಸಿಹೋಗುವುದಿಲ್ಲ. ನಿಮ್ಮ ಸೋದರತ್ತೆಯ ಪಾಲಿನ ಪ್ರಶ್ನೆ ಇದು ಎಂಬುದನ್ನು ಮರೆಯಬೇಡಿ.

ಹಾಗೆಂದು ತಾತನಿಗೆ ಅವರ ತಂದೆಯಿಂದ ಬಂದದ್ದೆಲ್ಲವೂ ಪಿತ್ರಾರ್ಜಿತವೇ ಎಂದರೆ ಅದೂ ತಪ್ಪು. 1956ರ ಕಾನೂನಿನಂತೆ ತಂದೆಯ ಸ್ವಂತ ಆಸ್ತಿ ಮಗನಿಗೆ ವಾರಸಾಗಿ ಬಂದಿದ್ದರೆ ಅದು ಮಗನ ಪ್ರತ್ಯೇಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1986ರಲ್ಲೇ ಹೇಳಿದೆ. ಯಾವುದು ಯಾವುದು ಎಂದು ವಿಂಗಡಿಸಲು ಹಳೆಯ ವಿಭಾಗಪತ್ರ, ಪಹಣಿ, ಮ್ಯುಟೇಶನ್ ಎಲ್ಲವನ್ನೂ ಹರಡಿಕೊಂಡು ಕೂರಬೇಕು. ಒಬ್ಬ ಒಳ್ಳೆಯ ವಕೀಲರು ಉಯಿಲಿಗೆ ಮುನ್ನ ಮಾಡುವ ಮುಖ್ಯ ಕೆಲಸ ಇದೇ, ಬರವಣಿಗೆಯಲ್ಲ.

ಭೂ ಸುಧಾರಣೆಯ ಜಮೀನಿನಲ್ಲಿ ಇನ್ನೊಂದು ಗಂಟು ಇದೆ. ಕರ್ನಾಟಕದ ಭೂ ಸುಧಾರಣಾ ಅಧಿನಿಯಮದ 21ನೇ ಕಲಮಿನಂತೆ ಗೇಣಿ ಹಕ್ಕನ್ನು ಬೇರೆಯವರಿಗೆ ವಹಿಸಿಕೊಡುವಂತಿಲ್ಲ. ಉಯಿಲು ಬರೆದರೆ ಅದು ವಹಿಸಿಕೊಟ್ಟಂತೆ ಆಗುತ್ತದೆಯೇ? ಜಮಖಂಡಿಯ ಭೂ ನ್ಯಾಯಮಂಡಳಿಯಿಂದ ಆರಂಭವಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1998ರಲ್ಲಿ 'ಆಗುತ್ತದೆ' ಎಂದಿತು. ಗೇಣಿದಾರರ ಕುಟುಂಬದ ಹೊರಗಿನವರು ಉಯಿಲಿನ ಮೂಲಕ ಆ ನೆಲಕ್ಕೆ ಬರುವಂತಿಲ್ಲ. ಮಕ್ಕಳಿಲ್ಲದ ಗೇಣಿದಾರರೊಬ್ಬರು, ತಮ್ಮನ್ನು ಸಾಕಿದವರಿಗೆ ಎಂದು ಪ್ರೀತಿಯಿಂದ ಬರೆದಿಟ್ಟ ಹಾಳೆ ಹೀಗೆ ವ್ಯರ್ಥವಾಗಬಲ್ಲದು.

ಮೂರನೆಯ ತೊಡಕು ನಮ್ಮ ಕನ್ನಡದ್ದೇ. ಮಾತಿನಲ್ಲಿ ಎಷ್ಟು ಚೆನ್ನಾಗಿ ಅರ್ಥವಾಗುವ ಪದಗಳು ಕಾಗದದ ಮೇಲೆ ಹೇಗೆ ಜಾರುತ್ತವೆ ನೋಡಿ. 'ನಮ್ಮ ಮನೆಯವರು' ಎಂದರೆ ಹೆಂಡತಿಯೋ, ಮನೆಯ ಎಲ್ಲರೋ? ತಾತ ಹೇಳಿದ್ದು ಅಜ್ಜಿಯನ್ನೇ, ಆದರೆ ಹಾಳೆಯಲ್ಲಿ ಅಜ್ಜಿಯ ಹೆಸರಿಲ್ಲ. 'ಆಮೇಲೆ ಮಕ್ಕಳಿಗೆ' ಎಂಬಲ್ಲಿ ಮಗಳು ಸೇರಿದಳೇ? ಮೇಲಿನ ಸಾಲಿನಲ್ಲಿ ಅವಳಿಗೆ ಕೊಟ್ಟಾಗಿದೆ ಎಂದಿದ್ದಾರಲ್ಲ, ಆದ್ದರಿಂದ ಸೇರಿಲ್ಲ ಎಂದು ಅಣ್ಣಂದಿರ ವಾದ. ಮಕ್ಕಳೆಂದರೆ ಮಕ್ಕಳೇ ಎಂದು ಅವಳ ವಾದ. ಎರಡೂ ಒಪ್ಪತಕ್ಕ ವಾದಗಳೇ, ವ್ಯಾಜ್ಯಕ್ಕೆ ಇನ್ನೇನು ಬೇಕು?

'ಅನುಭವಿಸಿಕೊಂಡು ಹೋಗುವುದು' ಎಂಬ ಮಾತು ಇನ್ನೂ ಆಳದ್ದು. ಅಜ್ಜಿಗೆ ಹೊಲ ಪೂರ್ತಿ ಸ್ವಂತವಾಯಿತೇ, ಅಥವಾ ಬದುಕಿರುವವರೆಗೆ ಫಸಲು ತಿನ್ನುವ ಹಕ್ಕು ಮಾತ್ರವೇ? ಕಾಯಿಲೆ ಬಂದರೆ ಅವರು ಹೊಲ ಮಾರಿ ಆಸ್ಪತ್ರೆಗೆ ಕಟ್ಟಬಹುದೇ? ಹಿಂದೂ ಉತ್ತರಾಧಿಕಾರ ಅಧಿನಿಯಮದ 14ನೇ ಕಲಮಿನ ಎರಡು ಉಪಕಲಮುಗಳು ಈ ಪ್ರಶ್ನೆಗೆ ಎರಡು ಕಡೆಗೆ ಎಳೆಯುತ್ತವೆ. ಹೆಂಡತಿಗೆ ಇದ್ದ ಜೀವನಾಂಶದ ಹಕ್ಕಿಗೆ ಪ್ರತಿಯಾಗಿ ಕೊಟ್ಟದ್ದಾದರೆ ಅದು ಅವಳ ಪೂರ್ಣ ಸ್ವತ್ತು ಎಂದು 1977ರ ತುಳಸಮ್ಮ ಪ್ರಕರಣದಲ್ಲಿ ತೀರ್ಪಾಯಿತು. ಉಯಿಲಿನಲ್ಲೇ ಮೊದಲ ಬಾರಿಗೆ ಮಿತಿ ಹಾಕಿ ಕೊಟ್ಟದ್ದಾದರೆ ಮಿತಿ ಉಳಿಯುತ್ತದೆ ಎನ್ನುವ ತೀರ್ಪುಗಳೂ ಇವೆ. ಈ ತೀರ್ಪುಗಳ ನಡುವಿನ ಭಿನ್ನತೆಯನ್ನು ಬಗೆಹರಿಸಲು ಸುಪ್ರೀಂ ಕೋರ್ಟಿನ ಪೀಠವೊಂದು 2024ರ ಡಿಸೆಂಬರಿನಲ್ಲಿ ಪ್ರಶ್ನೆಯನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಿತು. ದೇಶದ ಅತ್ಯುನ್ನತ ನ್ಯಾಯಾಲಯವೇ ಇಷ್ಟು ಯೋಚಿಸುವ ಮಾತನ್ನು ನಾವು ನೋಟ್‌ಬುಕ್ಕಿನ ಹಾಳೆಯಲ್ಲಿ ಒಂದೇ ಉಸಿರಿಗೆ ಬರೆದುಬಿಡುತ್ತೇವೆ. ಇನ್ನು 'ಚೆನ್ನಾಗಿ ನೋಡಿಕೊಳ್ಳಿ' ಎಂಬುದು ಬುದ್ಧಿಮಾತು. ಮನೆ ಚಿಕ್ಕವನಿಗೆ ಎಂದಾದ ಮೇಲೆ ಅಜ್ಜಿ ಆ ಮನೆಯ ಯಾವ ಕೋಣೆಯಲ್ಲಿ, ಯಾವ ಹಕ್ಕಿನಿಂದ ಇರಬೇಕು? 'ನನ್ನ ಹೆಂಡತಿ ಇಂಥವರಿಗೆ ಈ ಮನೆಯಲ್ಲಿ ಜೀವಾವಧಿ ವಾಸದ ಹಕ್ಕು ಇರತಕ್ಕದ್ದು, ಅಲ್ಲಿಯವರೆಗೆ ಮನೆ ಮಾರತಕ್ಕದ್ದಲ್ಲ' ಎಂಬ ಒಂದು ಸಾಲು ಇದ್ದಿದ್ದರೆ ಅವರ ಕೊನೆಗಾಲ ಬೇರೆಯಾಗುತ್ತಿತ್ತು.

'ತೋಟ', 'ಮನೆ', 'ಹೊಲ' ಎಂದಷ್ಟೇ ಬರೆದರೆ ಸಾಲದು. ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಖಾತೆ ಸಂಖ್ಯೆ, ನಾಲ್ಕು ಕಡೆಯ ಚೆಕ್ಕುಬಂದಿ ಇರಬೇಕು. ಅರ್ಥ ನಿರ್ದಿಷ್ಟವಾಗದ ಉಯಿಲು ಅಸಿಂಧು ಎನ್ನುತ್ತದೆ 89ನೇ ಕಲಮು. ಅದರ ಜೊತೆ ಕಾನೂನೇ ಕೊಟ್ಟಿರುವ ಉದಾಹರಣೆ ಸ್ವಾರಸ್ಯವಾಗಿದೆ: ಎಷ್ಟು ಎಂದು ಹೇಳದೆ ಹಣ, ಗೋಧಿ, ಎಣ್ಣೆ ಕೊಡುತ್ತೇನೆ ಎಂದು ಬರೆದರೆ ಅದು ನಿಲ್ಲುವುದಿಲ್ಲ. ನಮ್ಮ ಕಡೆಯಾದರೆ ರಾಗಿ, ಕೊಬ್ಬರಿ ಎಂದಿಟ್ಟುಕೊಳ್ಳಿ. ಒಂದೇ ಉಯಿಲಿನ ಎರಡು ಮಾತುಗಳು ಒಂದಕ್ಕೊಂದು ಹೊಂದದಿದ್ದರೆ ಕೊನೆಯ ಮಾತೇ ನಿಲ್ಲುತ್ತದೆ ಎಂಬುದೂ ಇದೇ ಅಧಿನಿಯಮದ ನಿಯಮ.

ಬರೆದ ಮೇಲೆ ಬದುಕು ನಿಲ್ಲುವುದಿಲ್ಲ ತಾನೇ? ತಾತ ಮೂರು ವರ್ಷದ ನಂತರ ತೋಟ ಮಾರಿ ತುಮಕೂರಿನಲ್ಲಿ ಸೈಟು ಕೊಂಡರು ಎನ್ನಿ. ದೊಡ್ಡವನಿಗೆ ತೋಟವೂ ಇಲ್ಲ, ಉಯಿಲಿನಲ್ಲಿ ಸೈಟಿನ ಹೆಸರೂ ಇಲ್ಲ. ಹೆಸರಿಸದ ಉಳಿದ ಆಸ್ತಿ ಯಾರಿಗೆ ಎಂಬ ಮಾತೂ ಇಲ್ಲವಾದ್ದರಿಂದ ಸೈಟು ಎಲ್ಲ ವಾರಸುದಾರರಿಗೂ ಹಂಚಿಹೋಗುತ್ತದೆ. ಆಸ್ತಿ ಪಡೆಯಬೇಕಾದವರೇ ಮೊದಲು ತೀರಿಕೊಂಡರೆ, ಅವರು ಮಗನೋ ಮಗಳೋ ಆಗಿದ್ದು ಮಕ್ಕಳನ್ನು ಬಿಟ್ಟು ಹೋಗಿದ್ದರೆ ಆ ಪಾಲು ಉಳಿಯುತ್ತದೆ. ತಮ್ಮನೋ ಸ್ನೇಹಿತನೋ ಆಗಿದ್ದರೆ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ಒಂದು ಹೆಸರು ಹೊಡೆದುಹಾಕಿ ಮೇಲೆ ಇನ್ನೊಂದು ಬರೆದರೆ, ಆ ತಿದ್ದುಪಡಿಗೂ ರುಜು ಮತ್ತು ಇಬ್ಬರು ಸಾಕ್ಷಿಗಳು ಬೇಕು, ಇಲ್ಲದಿದ್ದರೆ ತಿದ್ದಿದ್ದಕ್ಕೆ ಬೆಲೆ ಇಲ್ಲ. ತಿದ್ದುವುದಕ್ಕಿಂತ 'ಹಿಂದಿನದನ್ನು ರದ್ದುಪಡಿಸಿದ್ದೇನೆ' ಎಂದು ದಿನಾಂಕ ಹಾಕಿ ಹೊಸದು ಬರೆಯುವುದು ವಾಸಿ.

ಬ್ಯಾಂಕಿನಲ್ಲಿ, ಷೇರಿನಲ್ಲಿ ನಾಮಿನಿ ಹೆಸರು ಕೊಟ್ಟಿದ್ದೇವೆ, ಉಯಿಲು ಏಕೆ ಎನ್ನುವವರಿದ್ದಾರೆ. ಷೇರುಗಳ ನಾಮಿನಿಗೆ ಅಷ್ಟರಿಂದಲೇ ಒಡೆತನ ಬರುವುದಿಲ್ಲ, ವಾರಸುದಾರರ ಹಕ್ಕು ಹಾಗೆಯೇ ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಹೇಳಿದೆ. ಮುಸ್ಲಿಂ ಕುಟುಂಬಗಳಿಗೆ ನಿಯಮವೇ ಬೇರೆ: ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೆಯ ಒಂದು ಭಾಗದವರೆಗೆ ಮಾತ್ರ ಉಯಿಲಿನಿಂದ ಕೊಡಬಹುದು, ಅದಕ್ಕೆ ಮೀರಿದರೆ ವಾರಸುದಾರರ ಒಪ್ಪಿಗೆ ಬೇಕು. ಕ್ರೈಸ್ತರ ಉಯಿಲು ಆಮೇಲಿನ ಮದುವೆಯಿಂದ ತಾನಾಗಿಯೇ ರದ್ದಾಗುತ್ತದೆ. ಪಕ್ಕದ ಮನೆಯವರ ಉಯಿಲನ್ನು ನೋಡಿ ನಕಲು ಮಾಡಬಾರದು ಎನ್ನುವುದು ಇದಕ್ಕೇ. ಅಂಗಡಿಯ ಅಚ್ಚಿನ ನಮೂನೆಯೂ ಅಷ್ಟೇ, ಮೊಬೈಲಿನಲ್ಲಿ ಸಿಗುವ ನಮೂನೆಯೂ ಅಷ್ಟೇ. ನಮೂನೆಗೆ ನಿಮ್ಮ ಮನೆಯ ಕಥೆ ಗೊತ್ತಿರುವುದಿಲ್ಲ.

ವಕೀಲರೆಂದರೆ ಖರ್ಚು ಎಂಬ ಭಯವೇ ಅನೇಕರನ್ನು ಹಾಳೆಯತ್ತ ದೂಡುತ್ತದೆ. ನಿಜ, ಉಪನೋಂದಣಾಧಿಕಾರಿ ಕಚೇರಿಯ ಸುತ್ತಮುತ್ತ ಕೂರುವ ಪತ್ರ ಬರಹಗಾರರು ಕಡಿಮೆ ಹಣಕ್ಕೆ ಬರೆದುಕೊಡುತ್ತಾರೆ. ಅವರಲ್ಲಿ ಅನುಭವಿಗಳಿದ್ದಾರೆ, ಸಾಕ್ಷಿ, ರುಜು, ಚೆಕ್ಕುಬಂದಿ ಅವರಿಗೆ ಕರತಲಾಮಲಕ. ಆದರೆ ತೋಟ ಪಿತ್ರಾರ್ಜಿತವೇ ಎಂದು ಕೇಳುವುದು ಅವರ ಕೆಲಸವಲ್ಲ. ಒಂದೇ ಮನೆ, ಜಗಳವಿಲ್ಲದ ವಾರಸುದಾರರು, ಎಲ್ಲವೂ ಸ್ವಯಾರ್ಜಿತ ಎಂದಾದರೆ ಎಚ್ಚರಿಕೆಯಿಂದ ತಾವೇ ಬರೆದುಕೊಳ್ಳುವುದರಲ್ಲಿ ದೊಡ್ಡ ಅಪಾಯವಿಲ್ಲ ಎಂದೇ ನನ್ನ ಅಭಿಪ್ರಾಯ. ಒಟ್ಟುಕುಟುಂಬದ ಜಮೀನು, ಗೇಣಿ ಜಮೀನು, ಎರಡನೆಯ ಸಂಸಾರ, ಬುದ್ಧಿಮಾಂದ್ಯ ಮಗು, ದೂರ ಮಾಡಿದ ಮಗ, ಇವುಗಳಲ್ಲಿ ಯಾವುದೊಂದಿದ್ದರೂ ವಕೀಲರ ಬಳಿ ಹೋಗದೆ ಬರೆಯಬಾರದು.

ಹಣವಿಲ್ಲದವರಿಗೂ ದಾರಿ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ನಿಗದಿತ ಮಿತಿಗಿಂತ ಕಡಿಮೆ ಆದಾಯದವರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಅಂದರೆ ಅಜ್ಜಿ ಎಷ್ಟೇ ಅನುಕೂಲಸ್ಥರಾಗಿದ್ದರೂ ಅರ್ಹರು. ತುಮಕೂರಿನಲ್ಲಿ ಜಿಲ್ಲಾ ಪ್ರಾಧಿಕಾರವಿದೆ, ತಾಲ್ಲೂಕುಗಳಲ್ಲಿ ಸಮಿತಿಗಳಿವೆ. 15100 ಸಂಖ್ಯೆಗೆ ಫೋನು ಮಾಡಿಯೂ ವಿಚಾರಿಸಬಹುದು.

ಕೊನೆಯದಾಗಿ, ಬರೆದದ್ದನ್ನು ಎಲ್ಲಿಡುವುದು? ಟ್ರಂಕಿನಲ್ಲಿದ್ದ ಉಯಿಲು ಗೆದ್ದಲಿಗೂ ಸಿಗಬಹುದು, ಅದು ಇಷ್ಟವಾಗದವರ ಕೈಗೂ ಸಿಗಬಹುದು. ನೋಂದಾಯಿಸಿದರೆ ಅದರ ನಕಲು ನೋಂದಣಿ ಕಚೇರಿಯ 3ನೇ ಪುಸ್ತಕದಲ್ಲಿ ಉಳಿಯುತ್ತದೆ. ಬರೆದವರು ಬದುಕಿರುವವರೆಗೆ ಅವರಿಗೆ ಅಥವಾ ಅವರ ಪ್ರತಿನಿಧಿಗೆ ಬಿಟ್ಟು ಬೇರೆಯವರಿಗೆ ಅದರ ಪ್ರತಿ ಕೊಡುವುದಿಲ್ಲ. ಒಳಗಿನ ವಿಷಯ ಕಚೇರಿಯವರಿಗೂ ತಿಳಿಯಬಾರದು ಎನ್ನುವವರು ಲಕೋಟೆಗೆ ಮೊಹರು ಹಾಕಿ, ಮೇಲೆ ತಮ್ಮ ಹೆಸರು ಬರೆದು, ಜಿಲ್ಲಾ ನೋಂದಣಾಧಿಕಾರಿಯವರಲ್ಲಿ ಠೇವಣಿ ಇಡಬಹುದು. ಬೇಕೆನಿಸಿದಾಗ ವಾಪಸು ಪಡೆಯಬಹುದು. ಅವರು ತೀರಿಕೊಂಡ ಮೇಲೆ ಯಾರಾದರೂ ಅರ್ಜಿ ಕೊಟ್ಟರೆ, ಮರಣವನ್ನು ಖಚಿತಪಡಿಸಿಕೊಂಡು, ಅರ್ಜಿದಾರರ ಎದುರಿನಲ್ಲೇ ಲಕೋಟೆ ಒಡೆದು, ಅವರ ಖರ್ಚಿನಲ್ಲಿ 3ನೇ ಪುಸ್ತಕಕ್ಕೆ ನಕಲು ಮಾಡಿಸಿ, ಮೂಲವನ್ನು ಮತ್ತೆ ಠೇವಣಿಯಲ್ಲೇ ಇಡುತ್ತಾರೆ.